ದಂಡದ ಭಯ, ದಾರಿಯ ಮರ್ಯಾದೆ

'ಗ್ರಾನ್ ಟುರಿಸ್ಮೊ' ಎಂಬ ಕಾರ್ ಪಂದ್ಯದ ಕಂಪ್ಯೂಟರ್ ಆಟಕ್ಕೆ ಸೋನಿ ಸಂಸ್ಥೆಯವರು 'ಸೋಫಿ' ಎಂಬ ಯಂತ್ರಚಾಲಕನನ್ನು ರೂಪಿಸಿದರು. ವೇಗದೊಂದಿಗೆ ಮರ್ಯಾದೆಯನ್ನೂ ಕಲಿಸಬೇಕಾಯಿತು. ಮುಂದೆ ಸಾಗಿದರೆ ಅಂಕ, ಡಿಕ್ಕಿ ಹೊಡೆದರೆ ದಂಡ. ದಂಡ ಕಡಿಮೆಯಾದರೆ ಪಕ್ಕದವರನ್ನು ನೂಕುತ್ತದೆ. ಹೆಚ್ಚಾದರೆ ಹೆದರಿ ಹಿಂದೆ ಉಳಿಯುತ್ತದೆ. 2021ರ ಜುಲೈಯಲ್ಲಿ ನುರಿತ ಆಟಗಾರರ ತಂಡಕ್ಕೆ ಸೋತ ಸೋಫಿ, ತಿದ್ದುಪಡಿಗಳ ನಂತರ ಅಕ್ಟೋಬರಿನಲ್ಲಿ 104-52 ಅಂಕಗಳಿಂದ ಗೆದ್ದಿತು.

ದಂಡದ ಲೆಕ್ಕದಿಂದ ಹುಟ್ಟಿದ ಈ ಸಂಯಮವನ್ನು ನಾವು ಸದ್ಗುಣವೆನ್ನಬಹುದೇ? ಪೊಲೀಸನನ್ನು ಕಂಡಾಗ ಮಾತ್ರ ಕೆಂಪು ದೀಪಕ್ಕೆ ನಿಲ್ಲುವವನದೂ ಇದೇ ಲೆಕ್ಕ. ಹಾಗೆಂದು ಅದನ್ನು ಹೀಗಳೆಯುವಂತಿಲ್ಲ. ರಸ್ತೆ ದಾಟುತ್ತಿರುವ ಮಗುವಿಗೆ ಆ ಭಯವೂ ರಕ್ಷಣೆಯೇ. ಕಾನೂನು ಇರುವುದು ಅದಕ್ಕಾಗಿಯೇ. ಆದರೆ ಯಂತ್ರಕ್ಕೆ ಆ ಮಗು ಕಾಣುವುದಿಲ್ಲ, ಅಂಕ ಮಾತ್ರ ಕಾಣುತ್ತದೆ. ನಮಗೆ ಮಗು ಕಾಣುತ್ತದೆ. ಕಂಡ ಮೇಲೆಯೂ ದಂಡಕ್ಕಾಗಿ ಕಾಯುವುದಾದರೆ, ನಮ್ಮ ಮನುಷ್ಯತ್ವಕ್ಕೆ ಅರ್ಥವೇನು?