ಕೊಡುವ ಕೈ ಯಾರದು?

ತೊಗರಿಯ ರಾಶಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಯಾವುದಾದರೊಂದು ಹಳ್ಳಿಯ ಪ್ರಾರ್ಥನಾಲಯಕ್ಕೆ ಭಾನುವಾರ ಹೋಗಿ ನೋಡಿ. ಮುಂದೆ ಮಕ್ಕಳು ಕುಳಿತಿರುತ್ತಾರೆ, ಹಿಂದೆ ಗೋಡೆಗೊರಗಿ ವೃದ್ಧರು. ನಡುವಿನ ವಯಸ್ಸಿನವರು ಕಾಣುವುದಿಲ್ಲ. ಅವರು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಕಟ್ಟಡದ ಕೂಲಿಗೆ ಹೋಗಿರುತ್ತಾರೆ. ಇಂಥ ಸಭೆಯನ್ನು ಕಂಡವರು ಇದಕ್ಕೆ ಪುನಶ್ಚೇತನ ಬೇಕು ಎನ್ನುತ್ತಾರೆ. ಬೇಕು, ನಿಜ. ಆದರೆ ಪುನಶ್ಚೇತನವೆಂದರೆ ಏನು? ಮೂರು ದಿನಗಳ ಧ್ಯಾನಕೂಟವೇ, ಹೊಸ ಧ್ವನಿವರ್ಧಕವೇ, ಅಥವಾ ಹಾಜರಾತಿಯ ಏರಿಕೆಯೇ?

ನಮ್ಮ ಕಡೆ ‘ಮಿಷನ್’ ಎಂಬ ಪದಕ್ಕೆ ಒದಗಿರುವ ಗತಿಯನ್ನು ಒಮ್ಮೆ ಯೋಚಿಸಿ. ಕಳುಹಿಸಲ್ಪಡುವುದು ಎಂಬುದು ಅದರ ಮೂಲಾರ್ಥ. ಜನರ ಬಾಯಲ್ಲಿ ಅದು ಒಂದು ಜಾಗದ ಹೆಸರಾಗಿದೆ: ಕಾಂಪೌಂಡು, ಶಾಲೆ, ದವಾಖಾನೆ. ‘ಮಿಷನ್‌ಗೆ ಹೋಗಿ ಬಂದೆ’ ಎಂದರೆ ಏನೋ ಕೇಳಿಕೊಂಡು ಬಂದೆ ಎಂದೇ ಅರ್ಥ. ಹೊರಡಬೇಕಾದ ಪದ ಕುಳಿತುಬಿಟ್ಟಿದೆ, ಕೊಡಬೇಕಾದವರು ಪಡೆಯುವವರಾಗಿಬಿಟ್ಟಿದ್ದಾರೆ. ಇದಕ್ಕೆ ಬಡವರನ್ನು ದೂರುವುದು ಅನ್ಯಾಯ. ಮೆಥೋಡಿಸ್ಟ್ ಸಭೆಗಳಾಗಲಿ, 2005ರಲ್ಲಿ ರೂಪುಗೊಂಡ ಕಲಬುರಗಿ ಧರ್ಮಕ್ಷೇತ್ರದ ಧರ್ಮಕೇಂದ್ರಗಳಾಗಲಿ, ಈ ಭಾಗದಲ್ಲಿ ಅಕ್ಷರವನ್ನೂ ಔಷಧವನ್ನೂ ತಂದದ್ದು ಅಗತ್ಯವಿದ್ದುದರಿಂದಲೇ. ತಪ್ಪಾದುದು ಬೇರೆಡೆ. ಪಡೆದವನಿಗೂ ಕೊಡಲು ಏನಾದರೂ ಇದೆಯೇ ಎಂದು ನಾವು ಕೇಳಲೇ ಇಲ್ಲ.

ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ನೇಮಿಸುತ್ತಾರೆ. ತಮ್ಮೊಡನೆ ಇರಲೆಂದು ಮತ್ತು ಸಾರಲು ಕಳುಹಿಸಲೆಂದು, ಎರಡೂ ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳಲಾಗಿದೆ. ನಾವು ಅವನ್ನು ಹಂಚಿಬಿಟ್ಟೆವು. ಅವರೊಡನೆ ಇರುವುದು ವಿಶ್ವಾಸಿಗಳ ಪಾಲಾಯಿತು. ಹೊರಡುವುದು ಗುರುಗಳ, ಧರ್ಮಭಗಿನಿಯರ, ಉಪದೇಶಿಗಳ ಪಾಲಾಯಿತು. ಜಗದ್ಗುರು ಫ್ರಾನ್ಸಿಸರು 2013ರ ‘ಎವಾಂಜೆಲೀ ಗೌದಿಯುಮ್’ ಪತ್ರದಲ್ಲಿ ಈ ಹಂಚಿಕೆಯನ್ನೇ ಅಳಿಸಿದರು. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಶಿಷ್ಯರೂ ಹೌದು, ಪ್ರೇಷಿತರೂ ಹೌದು ಎಂಬುದು ಅದರ ತಾತ್ಪರ್ಯ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಪ್ರೇಷಿತಕಾರ್ಯ ಎಂದೊಡನೆ ನೆರೆಯವರ ಕಿವಿಗೆ ಮತಾಂತರ ಎಂದು ಕೇಳಿಸುತ್ತದೆ. ಅದಕ್ಕೆ ಸಿಟ್ಟಾಗುವ ಮೊದಲು ನಮ್ಮ ಕೈಯನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ನೀಡಿದ ಘೋಷಣೆ ಬಲವಂತವನ್ನು ನಿಷೇಧಿಸುವುದರಲ್ಲೇ ನಿಲ್ಲುವುದಿಲ್ಲ. ಬಡವರ, ಅಕ್ಷರವಿಲ್ಲದವರ ವಿಷಯದಲ್ಲಿ ಅಗೌರವದ ಮನವೊಲಿಕೆಯೂ ಸಲ್ಲದೆಂದು ಎಚ್ಚರಿಸುತ್ತದೆ. ಹಾಗಾದರೆ ಒಳಗಿನವನಿಗೆ ಮಾತ್ರ ಸಿಗುವ ಸಹಾಯ ದಾನವೋ ಗಾಳದ ಹುಳುವೋ? ನನ್ನ ಮಟ್ಟಿಗೆ ಅಳತೆಗೋಲು ಇದು: ಎಂದಿಗೂ ನಮ್ಮ ಬಲಿಪೂಜೆಗೆ ಬಾರದ ನೆರೆಯವನಿಗೆ ನಮ್ಮ ಸಭೆ ಇರುವುದರಿಂದ ಏನಾದರೂ ಒಳಿತಾಗಿದೆಯೇ? 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ನೀರು ಯಾರ ಜಾತಿ, ಯಾರ ಮತವನ್ನೂ ವಿಚಾರಿಸಲಿಲ್ಲ. ವಿಚಾರಿಸದೆ ಮನೆಯೊಳಗೆ ಬರುವ ಹಕ್ಕು ನೀರಿಗಿದ್ದರೆ, ವಿಚಾರಿಸದೆ ರೊಟ್ಟಿ ಹಂಚುವ ಧೈರ್ಯ ನಮಗಿರಬೇಡವೇ?

ಈ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಅವರು ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದವರು. ದಾಸೋಹದಲ್ಲಿ ಕೊಡುವವನು ದಾಸ, ಉಣ್ಣುವವನು ಒಡೆಯ. ಶಿಷ್ಯರ ಪಾದ ತೊಳೆದ ಗುರುವನ್ನು ಆರಾಧಿಸುವ ನಮಗೆ ಇದು ಪರಿಚಿತವಾಗಬೇಕಾದ ಮಾತೇ.

‘ನಮ್ಮಲ್ಲಿ ಏನಿದೆ ಕೊಡಲು?’ ಎಂದು ಬಡ ಸಭೆ ಕೇಳುವುದು ಸಹಜ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರೂ ಬಡವರೇ ಆಗಿದ್ದರು. 1910ರ ಸುಮಾರಿಗೆ ಅವರು ಪ್ರತಿ ಅಡುಗೆಯ ಮುಂಚೆ ಒಂದು ಹಿಡಿ ಅಕ್ಕಿಯನ್ನು ತೆಗೆದಿಡತೊಡಗಿದರು. ‘ಬುಹ್‌ಫಾಯ್ ಥಾಮ್’ ಎಂಬ ಆ ರೂಢಿ ಇಂದಿಗೂ ನಡೆಯುತ್ತಿದೆ. ಆ ಹಿಡಿ ಅಕ್ಕಿಯ ಬಲದಿಂದ ಆ ಸಭೆ ತನ್ನ ಸೇವಕರನ್ನು ತಾನೇ ಹೊರಗೆ ಕಳುಹಿಸುವಂತಾಯಿತು. ನಮ್ಮಲ್ಲಿ ಅದು ಹಿಡಿ ಜೋಳವಾಗಬಹುದು. ಐದು ಜವೆಗೋದಿ ರೊಟ್ಟಿ ತಂದ ಹುಡುಗನ ಬುತ್ತಿಯೂ ಬಡವರ ಬುತ್ತಿಯೇ ಅಲ್ಲವೇ? ಧಾನ್ಯ ಎಷ್ಟು ಕೂಡಿತು ಎಂಬುದು ಆಮೇಲಿನ ಮಾತು. ಅಡುಗೆಮನೆಯ ಆ ಗಡಿಗೆಯ ಮುಂದೆ ನಿಂತ ತಾಯಿ ಪಡೆಯುವವಳಾಗಿ ಉಳಿಯುವುದಿಲ್ಲ.

ಲೆಕ್ಕದ ಬಗೆಗೂ ಒಂದು ಮಾತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು; ನಮಗೆ ತೆರೆದಿಲ್ಲ. ಆದ್ದರಿಂದ ಯೇಸುವನ್ನು ನಂಬಿಯೂ ದಾಖಲೆಯಲ್ಲಿ ಹಾಗೆ ಬರೆಸಲಾರದ ಕುಟುಂಬಗಳಿವೆ. ಮಕ್ಕಳ ವಿದ್ಯೆಗಾಗಿ ಮೌನವಾಗಿರುವ ತಂದೆಯನ್ನು ಅಂಜುಬುರುಕನೆಂದು ಕರೆಯಲು ನನಗೆ ನಾಲಿಗೆ ಬಾರದು. ಆದರೆ ಪುನಶ್ಚೇತನವನ್ನು ತಲೆ ಎಣಿಸಿ ಅಳೆಯುವವರು ಇಂಥವರನ್ನು ಯಾವ ಪಟ್ಟಿಯಲ್ಲಿ ಸೇರಿಸುತ್ತಾರೆ?

ಇನ್ನು ಆ ಖಾಲಿ ನಡುಸಾಲುಗಳು. ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾರೆ. ಕೈಯಲ್ಲಿ ಚೀಲವಿಲ್ಲ, ಕಂಡವರ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಬೇಕು. ಪುಣೆಯ ಬಸ್ಸು ಹತ್ತುವ ನಮ್ಮ ಗಂಡ–ಹೆಂಡತಿಯರ ಸ್ಥಿತಿ ಅದಕ್ಕಿಂತ ಬಹಳ ಬೇರೆಯೇ? ಅವರನ್ನು ನಾವು ಇಂದಿನವರೆಗೆ ಗೈರುಹಾಜರಿ ಎಂದು ಬರೆದುಕೊಂಡಿದ್ದೇವೆ. ಹೊರಡುವ ಮುಂಚಿನ ಭಾನುವಾರ ಅವರನ್ನು ಪೀಠದ ಮುಂದೆ ಕರೆದು, ಹಿರಿಯರು ತಲೆಯ ಮೇಲೆ ಕೈಯಿಟ್ಟು, ಹಿಡಿ ಜೋಳದ ಗಡಿಗೆಯಿಂದ ದಾರಿಗೆ ಬುತ್ತಿ ಕಟ್ಟಿ ಕಳುಹಿಸಬಾರದೇಕೆ? ಕಾರಹುಣ್ಣಿಮೆಯ ಹೊತ್ತಿಗೆ ಬಿತ್ತನೆಗೆಂದು ಊರಿಗೆ ಮರಳಿದಾಗ, ಆ ಎಪ್ಪತ್ತೆರಡು ಮಂದಿಯನ್ನು ಕೇಳಿದಂತೆ ಅವರನ್ನೂ ಕೂರಿಸಿ ಕೇಳೋಣ: ಶೆಡ್ಡಿನಲ್ಲಿ ಪಕ್ಕದವರು ಯಾರಿದ್ದರು, ಜ್ವರ ಬಂದಾಗ ನೀರು ಕೊಟ್ಟವರು ಯಾರು, ನೀವು ಯಾರಿಗೆ ಕೊಟ್ಟಿರಿ?