ಎರಡನೆಯ ಪಂಕ್ತಿಯ ಹೋಳಿಗೆ

ಅರಿಷಡ್ವರ್ಗಗಳನ್ನು ಎಣಿಸುವಾಗ ನಮ್ಮ ಹಿರಿಯರು ಮಾತ್ಸರ್ಯವನ್ನು ಕೊನೆಯಲ್ಲಿಟ್ಟಿದ್ದಾರೆ. ಉಳಿದ ಐದನ್ನು ಒಪ್ಪಿಕೊಳ್ಳಲು ಮನುಷ್ಯ ಅಷ್ಟಾಗಿ ನಾಚುವುದಿಲ್ಲ. ತನಗೆ ಕೋಪ ಹೆಚ್ಚೆಂದು ಹೆಮ್ಮೆಯಿಂದಲೇ ಹೇಳಿಕೊಳ್ಳುವವರುಂಟು. ಆದರೆ ತನಗೆ ಹೊಟ್ಟೆಕಿಚ್ಚೆಂದು ಯಾರೂ ಹೇಳರು. ಅದು ಬೀದಿಗೆ ಬರುವುದು ನ್ಯಾಯದ ಅಂಗಿ ತೊಟ್ಟೇ. ಇದರಿಂದ ಒಂದು ತೊಂದರೆಯೂ ಆಗಿದೆ. ನಿಜವಾದ ನ್ಯಾಯ ಎದುರಿಗೆ ಬಂದು ನಿಂತಾಗಲೂ ಜನ ಅದನ್ನು ಹೊಟ್ಟೆಕಿಚ್ಚೆಂದೇ ಸಂಶಯಪಡುತ್ತಾರೆ.

ವಿಡಿಯೋ ಆಟಗಳನ್ನಾಡುವ ತರುಣರ ಒಂದು ದೂರನ್ನು ಕೇಳಿದಂದಿನಿಂದ ಈ ವಿಚಾರ ನನ್ನ ತಲೆಯಲ್ಲಿದೆ. ಆ ಆಟಗಳ ಪರಿಚಯವಿಲ್ಲದ ಓದುಗರಿಗೆ ಒಂದು ಮಾತು. ಇವನ್ನು ಆಡಲು ಟಿ.ವಿ.ಗೆ ಜೋಡಿಸುವ ಯಂತ್ರಗಳಿವೆ; ಅವಕ್ಕೆ ಕನ್ಸೋಲ್ ಎನ್ನುತ್ತಾರೆ. ಒಂದು ಕಂಪೆನಿಯ ಯಂತ್ರಕ್ಕೆಂದು ಮಾಡಿದ ಡಿಸ್ಕ್ ಇನ್ನೊಂದು ಕಂಪೆನಿಯ ಯಂತ್ರದಲ್ಲಿ ನಡೆಯದು. ೨೦೦೮ರಲ್ಲಿ ‘ಟೇಲ್ಸ್ ಆಫ್ ವೆಸ್ಪೇರಿಯಾ’ ಎಂಬ ಜಪಾನೀ ಆಟ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ೩೬೦ಕ್ಕೆ ಬಂತು. ಮರುವರ್ಷ ಅದೇ ಆಟ ಜಪಾನಿನಲ್ಲಿ ಸೋನಿಯ ಪ್ಲೇಸ್ಟೇಷನ್ ೩ಕ್ಕೆ ಬಂದಾಗ ಅದರೊಳಗೆ ಪ್ಯಾಟಿ ಎಂಬ ಕಡಲುಗಳ್ಳ ಹುಡುಗಿ ಹೊಸದಾಗಿ ಸೇರಿದ್ದಳು. ಮೊದಲು ಸ್ವಲ್ಪ ಹೊತ್ತು ಮಾತ್ರ ಜತೆಗಿರುತ್ತಿದ್ದ ಫ್ಲಿನ್ ಎಂಬ ಯೋಧ ತಂಡದಲ್ಲಿ ಖಾಯಮ್ಮಾಗಿ ನಿಂತಿದ್ದ. ಮೂಕವಾಗಿದ್ದ ಎಷ್ಟೋ ಸನ್ನಿವೇಶಗಳಿಗೆ ದನಿ ಬಂದಿತ್ತು. ಮೊದಲ ಯಂತ್ರದವರಿಗೆ ಇದಾವುದೂ ಸಿಗಲಿಲ್ಲ. ಆ ಆವೃತ್ತಿಯನ್ನು ಜಪಾನಿನ ಹೊರಗೆ ಬಿಡುಗಡೆ ಮಾಡಲೂ ಇಲ್ಲ. ಹೊರದೇಶದವರಿಗೆ ಅದರ ಸಾರ ದೊರೆತದ್ದು ೨೦೧೯ರಲ್ಲಿ, ಹೊಸ ಕಾಲದ ಯಂತ್ರಗಳಲ್ಲಿ, ಮತ್ತೊಮ್ಮೆ ಬೆಲೆ ತೆತ್ತ ಮೇಲೆ.

ನಮಗೆ ಗೊತ್ತಿರುವ ಒಂದು ಹೋಲಿಕೆಯಿಂದ ಇದನ್ನು ನೋಡೋಣ. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಯವರು ಪಾಯಸ ಉಂಡು, ತೃಪ್ತಿಯಿಂದ ಕೈತೊಳೆದು, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೆ. ಆಗ ಎರಡನೆಯ ಪಂಕ್ತಿಗೆ ಹೋಳಿಗೆ ಬರುತ್ತದೆ. ಉಂಡ ಪಾಯಸವನ್ನು ಯಾರೂ ಕಿತ್ತುಕೊಂಡಿಲ್ಲ. ಒಂದು ನಿಮಿಷದ ಹಿಂದೆ ಅದು ಪೂರ್ಣ ಭೋಜನವೇ ಆಗಿತ್ತು. ಈಗ ಅರೆಯೂಟವೆನ್ನಿಸುತ್ತದೆ. ಇದು ಬರಿಯ ಮಾತ್ಸರ್ಯವೆಂದು ತಳ್ಳಿಹಾಕುವುದು ಸುಲಭ.

ಆದರೆ ಆಟದ ಮಾತಿನಲ್ಲಿ ಉಂಡವರು ನೆಂಟರಲ್ಲ, ಬೆಲೆ ಕೊಟ್ಟವರು. ಅದೂ ಆಟ ಹೊಸದಾಗಿದ್ದಾಗ ಪೂರ್ತಿ ಬೆಲೆ ಕೊಟ್ಟು, ನಂಬಿ ಕೊಂಡವರು. ಹಿಡಿಸಿದ ಮೇಲೆ ನಾಲ್ಕು ಜನಕ್ಕೆ ಹೇಳಿದವರು. ಆಟ ಎರಡನೆಯ ಸಲ ಹುಟ್ಟುವುದಕ್ಕೆ ಅವರ ಹಣವೂ ಮೆಚ್ಚುಗೆಯೂ ಒದಗಿವೆ. ಪುಸ್ತಕವಾದರೆ ಪರಿಷ್ಕೃತ ಮುದ್ರಣ ಬಂದಾಗ ನಾನು ಗೊಣಗುತ್ತಲೇ ಇನ್ನೊಂದು ಪ್ರತಿ ಕೊಳ್ಳುತ್ತೇನೆ. ಅದನ್ನು ಓದಲು ಬೇರೆ ಕನ್ನಡಕ ಕೊಳ್ಳಬೇಕಾಗಿಲ್ಲವಲ್ಲ! ಇಲ್ಲಿ ಬೇರೆ ಯಂತ್ರವನ್ನೇ ಕೊಳ್ಳಬೇಕು.

ತಯಾರಕರ ಪರವಾಗಿಯೂ ಹೇಳುವುದುಂಟು. ಇನ್ನೊಂದು ವರ್ಷ ಸಿಕ್ಕ ಕಲಾವಿದ ತನ್ನ ಕೃತಿಯನ್ನು ತಿದ್ದದೆ ಬಿಡುವನೆ? ತಿದ್ದಬಾರದೆನ್ನುವುದು ಕ್ರೌರ್ಯ. ವರ್ಷವಿಡೀ ಕಾದವರಿಗೆ ಕಾದದ್ದರ ಫಲ ಏನಾದರೂ ಬೇಡವೆ? ಎರಡೂ ಸರಿ. ಹೋಳಿಗೆ ಮಾಡಿದ್ದರಲ್ಲಿ ತಪ್ಪಿಲ್ಲ, ಬಡಿಸಿದ್ದರಲ್ಲೂ ತಪ್ಪಿಲ್ಲ. ಮೊದಲ ಪಂಕ್ತಿಯವರಿಗೆ ಬಾಗಿಲು ಹಾಕಿದ್ದರಲ್ಲಿ ತಪ್ಪಿದೆ.

ಹಾಕದೆ ಇರಲು ಸಾಧ್ಯವೆ ಎಂದರೆ, ಸಾಧ್ಯ. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಸಂಸ್ಥೆ ‘ದಿ ವಿಚರ್ ೨’ ಎಂಬ ಆಟವನ್ನು ೨೦೧೧ರಲ್ಲಿ ಕಂಪ್ಯೂಟರಿಗೆ ತಂದಿತು. ೨೦೧೨ರಲ್ಲಿ ಅದನ್ನೇ ಬೆಳೆಸಿ ಎಕ್ಸ್‌ಬಾಕ್ಸ್ ೩೬೦ಕ್ಕೆ ಕೊಟ್ಟಾಗ, ಹೊಸದಾಗಿ ಸೇರಿಸಿದ್ದನ್ನು ಹಳೆಯ ಕಂಪ್ಯೂಟರ್ ಗ್ರಾಹಕರಿಗೂ ಉಚಿತವಾಗಿ ಹಂಚಿತು. ಎದ್ದುಹೋದ ನೆಂಟರ ಮನೆಗೆ ಹೋಳಿಗೆಯ ಬುಟ್ಟಿ ಕಳಿಸಿದ ಯಜಮಾನನ ಹಾಗೆ. ಅದರಿಂದ ಸಂಸ್ಥೆಯೇನೂ ಬಡವಾಗಲಿಲ್ಲ.

ಹಾಗಾದರೆ ನ್ಯಾಯವನ್ನೂ ಮಾತ್ಸರ್ಯವನ್ನೂ ಬೇರೆಮಾಡಿ ನೋಡುವುದು ಹೇಗೆ? ನನಗೆ ಒಂದು ದಾರಿ ತೋರುತ್ತದೆ. ಎದುರಿನವನ ಎಲೆಯಿಂದ ಹೋಳಿಗೆಯನ್ನು ತೆಗೆದುಬಿಟ್ಟರೆ ನನಗೆ ಸಮಾಧಾನವಾಗುವುದೋ ಎಂದು ನನ್ನನ್ನೇ ಕೇಳಿಕೊಳ್ಳಬೇಕು. ಆಗುವುದಾದರೆ ಅದು ಮಾತ್ಸರ್ಯ. ಅವನದು ಅವನಿಗಿರಲಿ, ನನಗೂ ಒಂದು ಬರಲಿ ಎನ್ನಿಸಿದರೆ ಆ ದೂರಿನಲ್ಲಿ ನ್ಯಾಯವಿದೆ.

ಈ ತರುಣರ ಸಿಟ್ಟಿನಲ್ಲಿ ಎರಡೂ ಬೆರೆತಿವೆ. ನನ್ನ ಯಂತ್ರ ದೊಡ್ಡದು, ನಿನ್ನದು ಸಣ್ಣದು ಎಂದು ಅವರು ಕುಲದ ಜಗಳದಂತೆ ಜಗಳವಾಡುವುದನ್ನು ಕೇಳಿದ್ದೇನೆ. ಇನ್ನೊಂದು ಯಂತ್ರದವನು ಮಾಡಿದ ಅಪರಾಧವಾದರೂ ಏನು? ಅವನೂ ಬೆಲೆ ಕೊಟ್ಟವನೇ. ನಾಳೆ ಇನ್ನೊಂದು ಆಟಕ್ಕೆ ಮೊದಲ ಪಂಕ್ತಿಯಲ್ಲಿ ಕೂತು ಇದೇ ನೋವನ್ನು ತಿನ್ನಬೇಕಾದವನೂ ಅವನೇ. ದೂರು ಇರುವುದು ನಿಜ. ಅದನ್ನು ಒಯ್ಯಬೇಕಾದದ್ದು ಅಡಿಗೆಮನೆಗೆ. ಪಕ್ಕದ ಎಲೆಯವನ ಬಳಿಗಲ್ಲ.