ಬೆಂಕಿ ಬಿಟ್ಟ ಬಚ್ಚಲು

ಆರಿದ್ರೆ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೊಸ ಮನೆಗಳ ಬಾತ್‌ರೂಮಿನಲ್ಲಿ ಬೂಷ್ಟು ಏಳುತ್ತದೆ. ಮೊದಲು ಟೈಲ್ಸಿನ ಸಂದಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆ. ಆಮೇಲೆ ಟೈಲ್ಸು ಮುಗಿದು ಪೇಂಟು ಶುರುವಾಗುವಲ್ಲಿ ಒಂದು ಗೆರೆ, ಕೊನೆಗೆ ತಾರಸಿಯ ಮೂಲೆ. ಪುಷ್ಯ ಮಳೆಯ ಹೊತ್ತಿಗೆ ಪಕ್ಕದ ಕೋಣೆಯ ಬೀರುವಿನಲ್ಲಿರುವ ರೇಷ್ಮೆ ಸೀರೆಗೂ ಮುಗ್ಗಲು ವಾಸನೆ. ಯಜಮಾನರು ಬ್ಲೀಚಿಂಗ್ ಪೌಡರ್ ತರುತ್ತಾರೆ, ಮನೆಯಾಕೆ ಸೊಂಟ ನೋಯುವಷ್ಟು ಉಜ್ಜುತ್ತಾರೆ. ಎಂಟು ದಿನ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಚುಕ್ಕೆ.

ಇದೇ ಯಜಮಾನರು ತೋಟದಲ್ಲಿ ಹೀಗೆ ಮಾಡುವವರಲ್ಲ. ಕೊಳೆ ಬಂದ ಮೇಲೆ ಔಷಧಿ ಹೊಡೆಸಿದರೆ ಉದುರಿದ ಅಡಿಕೆ ಮರ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತು. ಮಳೆ ಜೋರಾಗುವ ಮುಂಚೆಯೇ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಬೋರ್ಡೋ ಕದಡಿ ಗೊನೆಗೆ ಹೊಡೆಸಿರುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಇಲ್ಲಿಯ ತೋಟಗಳು ಕಲಿತ ಪಾಠ ಬಚ್ಚಲಿನ ಹೊಸ್ತಿಲು ದಾಟಲಿಲ್ಲ.

ದಾಟುವ ಅಗತ್ಯವೂ ಆಗ ಇರಲಿಲ್ಲ ಅನ್ನಿ. ಹಳೆಯ ಬಚ್ಚಲುಮನೆ ಹಿತ್ತಲ ಕಡೆಗಿತ್ತು, ಕಲ್ಲುಚಪ್ಪಡಿ ಹಾಸಿದ ನೆಲ, ಮೂಲೆಯಲ್ಲಿ ಒಲೆಗೆ ಕೂರಿಸಿದ ತಾಮ್ರದ ಹಂಡೆ. ಮಳೆಗಾಲದಲ್ಲಿ ಆ ಒಲೆ ಆರುತ್ತಿದ್ದುದೇ ಅಪರೂಪ. ಬೆಳಿಗ್ಗೆ ತೂರಿಸಿದ ಕುಂಟೆ ಅಡಿಕೆ ಸಿಪ್ಪೆಯ ಜೊತೆ ಸಂಜೆವರೆಗೆ ಕನಲುತ್ತಿತ್ತು, ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಮೇಲೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬಟ್ಟೆ ಒಣಗುತ್ತಿತ್ತು. ಗೋಡೆ ಕಪ್ಪಗಿತ್ತು ನಿಜ, ಆದರೆ ಅದು ಮಸಿ, ಬೂಷ್ಟಲ್ಲ. ಆ ಒಲೆ ಊದಿ ಊದಿ ಕಣ್ಣು, ಎದೆ ಕೆಡಿಸಿಕೊಂಡವರು ಹೆಂಗಸರು. ಹಾಗಾಗಿ ಗೀಸರ್ ಬಂದದ್ದನ್ನು ಬೈಯಲು ನನಗೆ ಮನಸ್ಸಿಲ್ಲ. ಒಲೆ ಹೋದದ್ದು ಸರಿ, ಅದು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸದೆ ಕಳಿಸಿದೆವು.

ಬಿಸಿ ಗಾಳಿ ನೀರನ್ನು ಹೆಚ್ಚು ಹೊತ್ತುಕೊಳ್ಳುತ್ತದೆ, ತಣಿದಾಗ ಇಳಿಸಿಬಿಡುತ್ತದೆ. ಸ್ನಾನದ ಹಬೆ ತಣ್ಣಗಿನ ಸಿಮೆಂಟ್ ಗೋಡೆಗೆ ತಾಗಿ ನೀರಾಗುವುದು ಹೀಗೆ. ಬೇಸಿಗೆಯಾದರೆ ಕಿಟಕಿ ತೆರೆದರೆ ಸಾಕು. ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಜುಲೈ ತಿಂಗಳಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದೂ ತೇವವೇ. ಬೂಷ್ಟಿನ ಬೀಜಕಣ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ಒಂದೆರಡು ದಿನ ಆರದೆ ಉಳಿದ ಜಾಗ, ಸೋಪಿನ ಜಿಡ್ಡು ಸಿಕ್ಕಿದರೆ ಬೇರೇನೂ ಬೇಡ.

ಆದ್ದರಿಂದ ಉಜ್ಜುವುದಕ್ಕಿಂತ ಒಣಗಿಸುವುದೇ ಕೆಲಸ. ಸ್ನಾನ ಮುಗಿಸಿದವರೇ ಗೋಡೆಗೆ ಒಮ್ಮೆ ವೈಪರ್ ಎಳೆದು ಬರಬೇಕು (ಗಂಡಸರೂ ಸೇರಿ). ಎಕ್ಸಾಸ್ಟ್ ಫ್ಯಾನನ್ನು ಸ್ನಾನಕ್ಕೆ ಇಳಿಯುವಾಗಲೇ ಹಾಕಿ, ಮುಗಿದ ಮೇಲೂ ಅರ್ಧ ಗಂಟೆ ಬಿಡಬೇಕು. ಒದ್ದೆ ಟವೆಲ್ ಅಲ್ಲೇ ನೇತುಹಾಕಬಾರದು. ಟೈಲ್ಸಿನ ಮೇಲಿನ ಗೋಡೆಗೆ ಮೇ ತಿಂಗಳಲ್ಲೇ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು, ಅದರ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ. ಬ್ಲೀಚಿಂಗ್ ಹಾಕುವುದೇ ಆದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಕೂಡದು. ಏಳುವ ಕ್ಲೋರಿನ್ ವಿಷದ ಗಾಳಿ, ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಸಂಚಕಾರ.

ಎಷ್ಟೋ ಮನೆಗಳಲ್ಲಿ ಹಿತ್ತಲಿನ ಹಂಡೆ ಇನ್ನೂ ಕಾಯುತ್ತದೆ, ಮನೆಯವರ ಸ್ನಾನವೆಲ್ಲ ಅಲ್ಲೇ. ಅಟ್ಯಾಚ್ಡ್ ಬಾತ್‌ರೂಮು ಬೆಂಗಳೂರಿನಿಂದ ಬರುವ ಮಕ್ಕಳಿಗೆ. ಮಳೆಗಾಲ ಪೂರ್ತಿ ಬಾಗಿಲು ಹಾಕಿಟ್ಟ ಆ ಬಾತ್‌ರೂಮಿನಲ್ಲೇ ಬೂಷ್ಟು ಎಲ್ಲಕ್ಕಿಂತ ಹೆಚ್ಚು. ಚೌತಿಗೆ ಬಂದ ಮಗ ಬಾಗಿಲು ತೆಗೆದು, ಮೂಗು ಮುಚ್ಚಿಕೊಂಡು, ಟವೆಲ್ ಹೆಗಲಿಗೆ ಹಾಕಿ ಹಂಡೆಯ ಕಡೆಗೇ ನಡೆಯುತ್ತಾನೆ.